ನೆಲದಡಿಯ ಎರಡು ಗಡಿಗೆ

ಗುಹೆಯ ಬಾಯಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಏರಿ ಬಂದ ಬೆವರು ನೋಡನೋಡುತ್ತಲೇ ಆರಿ ಅಂಗಿ ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಕಲ್ಯಾಣದಿಂದ ಮುರಬಾಡದ ದಾರಿ ಹಿಡಿದು, ವೈಶಾಖರೆ ದಾಟಿ ಬಸ್ಸಿಳಿದು, ಕಾಡಿನ ಕಾಲುಹಾದಿಯಲ್ಲಿ ನಡೆದು, ಸವೆದ ಕಲ್ಲುಮೆಟ್ಟಿಲು ಹತ್ತಿ ನೀವೀಗ ನಾಣೇಘಾಟಿನ ನೆತ್ತಿಯಲ್ಲಿದ್ದೀರಿ. ಬೆನ್ನ ಹಿಂದೆ, ಬಹಳ ಕೆಳಗೆ, ಕೊಂಕಣ. ಎರಡು ಸಾವಿರ ವರ್ಷಗಳ ಹಿಂದೆ ಕಲ್ಯಾಣದ ಬಂದರಿನಲ್ಲಿ ಇಳಿದ ಸರಕು ಎತ್ತುಗಳ ಬೆನ್ನೇರಿ ಜುನ್ನರಿಗೆ ಹೋಗುತ್ತಿದ್ದುದು ಈ ಕಣಿವೆಯಲ್ಲೇ. ಕಡಲ ವ್ಯಾಪಾರದ ಬಗ್ಗೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಹಳೆಯ ಪುಸ್ತಕದಲ್ಲಿ ಈ ಬಂದರಿನ ಹೆಸರು 'ಕಲ್ಲಿಯೆನಾ'.

ಒಳಗೆ ಬನ್ನಿ. ಕಣ್ಣು ಮಬ್ಬಿಗೆ ಹೊಂದಿಕೊಳ್ಳಲಿ. ಎಡಕ್ಕೂ ಬಲಕ್ಕೂ ಗೋಡೆ ತುಂಬ ಬ್ರಾಹ್ಮಿ ಅಕ್ಷರಗಳು. ಎದುರು ಗೋಡೆಯಲ್ಲಿ ಸಾತವಾಹನ ರಾಜಮನೆತನದವರ ಉಬ್ಬುಶಿಲ್ಪಗಳಿದ್ದವು. ಈಗ ಉಳಿದಿರುವುದು ಅಲ್ಲಲ್ಲಿ ಪಾದಗಳ ಗುರುತು, ಮೇಲೆ ಕೆತ್ತಿದ ಹೆಸರುಗಳು ಅಷ್ಟೇ. ಸಿಮುಕ, ಶಾತಕರ್ಣಿ, ಕುಮಾರರು, ಮತ್ತು ದೇವಿ ನಾಗನಿಕಾ. ಪಕ್ಕದ ಗೋಡೆಗಳ ಉದ್ದದ ಶಾಸನ ಈ ನಾಗನಿಕೆಯ ಕಾಲದ್ದು. ಅಶ್ವಮೇಧ, ರಾಜಸೂಯ, ಸಾವಿರ ಸಾವಿರ ಹಸುಗಳು, ಕುದುರೆ, ಆನೆ, ಹಳ್ಳಿ, ಕಾರ್ಷಾಪಣ ನಾಣ್ಯ, ಯಾಗಕ್ಕೂ ದಾನಕ್ಕೂ ಲೆಕ್ಕವಿದೆ. ಅವಳ ಪರಿಚಯವೂ ಇದೆ: ಮಹಾರಠಿಯ ಮಗಳು, ರಾಜನ ಹೆಂಡತಿ, ವೇದಿಶ್ರೀ ಮತ್ತು ಶಕ್ತಿಶ್ರೀಯರ ತಾಯಿ, ತಿಂಗಳುಗಟ್ಟಲೆ ಉಪವಾಸ ಮಾಡಿ ಮನೆಯಲ್ಲೇ ತಪಸ್ವಿನಿಯಂತೆ ಬಾಳಿದವಳು.

ಮೆಲ್ಲಗೆ ಕೈ ಚಾಚಿ, ಆದರೆ ಅಕ್ಷರ ಮುಟ್ಟಬೇಡಿ. ತಾಯಿಯೆಂದು ಬರೆಸಿಕೊಂಡವಳು ನಾಗನಿಕೆ ಒಬ್ಬಳೇ ಅಲ್ಲ. ನಾಸಿಕದ ಮೂರನೆಯ ಗುಹೆಯಲ್ಲಿ ಇದೇ ಮನೆತನದ ಗೌತಮಿ ಬಲಶ್ರೀ ತನ್ನನ್ನು ಮಹಾರಾಜನ ತಾಯಿ, ಮಹಾರಾಜನ ಅಜ್ಜಿ ಎಂದು ಬರೆಸಿಕೊಂಡಳು. ಆಕೆಯ ಮಗ ತಾಯಿಯ ಗೋತ್ರದಿಂದಲೇ ಗೌತಮೀಪುತ್ರನಾದ. ಕೃಷ್ಣಾ ದಂಡೆಯ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ವಂಶದ ರಾಣಿ ಖಂಡುವುಲಾ ಒಂದು ದೇವಿಶಿಲ್ಪ ಮಾಡಿಸಿ, ತಾನು ವಿಧವೆಯಲ್ಲ, ತನ್ನ ಮಗ ಬದುಕಿದ್ದಾನೆ ಎಂದು ಕೆತ್ತಿಸಿದಳು. ಮಗ ಬದುಕಿದ್ದಾನೆ ಎಂಬುದು ಕಲ್ಲಿನಲ್ಲಿ ಕೆತ್ತಿಸುವಷ್ಟು ದೊಡ್ಡ ಸುದ್ದಿಯಾಗಿತ್ತು. ಅರಮನೆಯಲ್ಲಿದ್ದವಳಿಗೇ ಅದು ಹಾಗಿದ್ದರೆ ಉಳಿದವರ ಪಾಡು ಏನಿರಬೇಕು?

ರಾಣಿಯರಿಗೆ ತಾಯ್ತನ ಒಂದು ಬಿರುದು. ಆ ಬಿರುದಿನ ಹಿಂದಿನ ಬಸಿರು, ಹೆರಿಗೆಯ ರಾತ್ರಿ, ಎದೆಹಾಲಿನ ವರ್ಷಗಳು, ತೀರಿಕೊಂಡ ಕೂಸುಗಳು ಇವು ಯಾವ ಗೋಡೆಯ ಮೇಲೂ ಇಲ್ಲ. ಅವು ಬೇಕೆಂದರೆ ನೆಲ ಅಗೆಯಬೇಕು. ಈ ಘಾಟಿನ ಹತ್ತಿರವೇ ಕುಕಡಿ ನದಿ ಹುಟ್ಟುತ್ತದೆ. ಅದರ ಜೊತೆ ಪೂರ್ವಕ್ಕೆ ಹೋಗೋಣ. ಕುಕಡಿ ಘೋಡ್ ನದಿಗೆ ಸೇರುತ್ತದೆ, ಘೋಡ್ ಭೀಮೆಗೆ. ಘೋಡ್ ದಂಡೆಯಲ್ಲಿ, ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ ಇನಾಮಗಾಂವ ಎಂಬ ಹಳ್ಳಿಯಿದೆ. ನಾಗನಿಕೆಗಿಂತ ಸಾವಿರ ವರ್ಷ ಹಿಂದಕ್ಕೂ ಹೋಗಬೇಕು.

ಇಲ್ಲಿ ಬಿಸಿಲು ಬೇರೆ. ಕಪ್ಪು ಎರೆಮಣ್ಣು ಬಿರುಕು ಬಿಟ್ಟಿದೆ. 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು ಇಲ್ಲಿ ಗುದ್ದಲಿ ಹಾಕಿದರು. ಎಚ್.ಡಿ. ಸಾಂಕಲಿಯಾ, ಎಂ.ಕೆ. ಧವಳೀಕರ್, ಜೆಡ್.ಡಿ. ಅನ್ಸಾರಿ ಮುಂದಾಳುಗಳು. 1980ರ ದಶಕದ ಆರಂಭದವರೆಗೆ ವರ್ಷ ವರ್ಷವೂ ಅಗೆದು, ಕ್ರಿ.ಪೂ. 1600ರಿಂದ 700ರವರೆಗೆ ಬದುಕಿದ್ದ ಒಂದು ರೈತರ ಊರನ್ನೇ ಹೊರತೆಗೆದರು. 130ಕ್ಕೂ ಹೆಚ್ಚು ಮನೆಗಳು ಸಿಕ್ಕವು. ಬಾರ್ಲಿ ಬೆಳೆಯುತ್ತಿದ್ದರು, ದನ, ಕುರಿ, ಮೇಕೆ ಸಾಕುತ್ತಿದ್ದರು, ಹೊಳೆಯ ನೀರು ತಿರುಗಿಸಲು ಕಾಲುವೆ ತೋಡಿದ್ದರು.

ನೀವು ಅಗೆತದ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದೀರಿ. ಕೈಯಲ್ಲಿ ಕುಂಚ. ಗಟ್ಟಿಸಿದ ಮಣ್ಣಿನ ನೆಲ ಅಂಗೈಗೆ ಒರಟಾಗಿ ತಾಕುತ್ತದೆ. ಒಂದು ಮೂಲೆಯಲ್ಲಿ ಒಲೆಯ ಕೆಂಪು ಸುಟ್ಟ ಮಣ್ಣು. ಆಚೆ ಕಾಳು ತುಂಬುವ ಗುಂಡಿ. ಗೋಡೆಯ ಪಕ್ಕ ನಡು ತಗ್ಗಾದ ಅರೆಯುವ ಕಲ್ಲು. ಒಲೆಗೂ ಗೋಡೆಗೂ ನಡುವೆ ನೆಲದ ಬಣ್ಣ ಸ್ವಲ್ಪ ಬದಲಾಗಿದೆ. ಯಾರೋ ಅಲ್ಲಿ ಗುಂಡಿ ತೋಡಿ ಮುಚ್ಚಿದ್ದಾರೆ. ಕುಂಚ ಆಡಿಸಿ. ಮಡಕೆಯ ಹೊಟ್ಟೆಯ ಉಬ್ಬು ಮೇಲೆ ಬರುತ್ತದೆ. ಇನ್ನೂ ಆಡಿಸಿ. ಒಂದಲ್ಲ, ಎರಡು ಗಡಿಗೆ, ಮಲಗಿಸಿ, ಬಾಯಿಗೆ ಬಾಯಿ ಕೂಡಿಸಿ ಇಟ್ಟದ್ದು. ಎರಡರ ಒಳಗೂ ಸೇರಿ ಒಂದೇ ಕೂಸು. ಪಕ್ಕೆಲುಬು ಬೆಂಕಿಕಡ್ಡಿಗಿಂತ ಹೆಚ್ಚು ದಪ್ಪವಿಲ್ಲ.

ಈ ಊರಿನ ಸಮಾಧಿಗಳಲ್ಲಿ ಹೆಚ್ಚಿನವು ಮಕ್ಕಳವು. ದೊಡ್ಡವರನ್ನು ತಲೆ ಉತ್ತರಕ್ಕೆ ಮಾಡಿ ಮಲಗಿಸಿ, ಕಣಕಾಲಿನ ಕೆಳಗೆ ಪಾದ ಕತ್ತರಿಸಿ ಹೂಳುತ್ತಿದ್ದರು. ಸತ್ತವರು ಎದ್ದು ಮನೆ ಬಿಟ್ಟು ಹೋಗದಿರಲಿ ಎಂದೇ ಹೀಗೆ ಮಾಡಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ನಡೆಯಲು ಕಲಿಯದ ಕೂಸುಗಳಿಗೆ ಅದು ಬೇಕಿರಲಿಲ್ಲ. ಅವಕ್ಕೆ ಗಡಿಗೆ, ಮನೆಯೊಳಗಿನ ನೆಲ.

ಈಗ ಕುಂಚ ಕೆಳಗಿಟ್ಟು ಇದೇ ಮನೆಗೆ ಮಾಡು ಹೊದೆಸಿ. ತಗ್ಗಾದ ಮಣ್ಣಿನ ಗೋಡೆ ಎಬ್ಬಿಸಿ, ಕಂಬ ನೆಡಿ, ಮೇಲೆ ಹುಲ್ಲು. ಬೆಳಗಿನ ಜಾವ. ಕ್ರಿ.ಪೂ. 1000ರ ಆಸುಪಾಸು. ಒಲೆಯ ಬೂದಿಯೊಳಗೆ ಕೆಂಡ ಇನ್ನೂ ಸತ್ತಿಲ್ಲ.

ಒಬ್ಬ ಹೆಂಗಸು ಅರೆಯುವ ಕಲ್ಲಿನ ಮುಂದೆ ಮೊಣಕಾಲೂರಿ ಕೂತಿದ್ದಾಳೆ. ಅವಳಿಗೆ ನಾನು ಹೆಸರಿಡುವುದಿಲ್ಲ. ಅವಳ ಹೆಸರು ಅವಳ ಜೊತೆಗೇ ಹೋಯಿತು. ನಮ್ಮ ಅಜ್ಜಿಯರು ಗೂಟ ಹಿಡಿದು ತಿರುಗಿಸುತ್ತಿದ್ದ ಬೀಸುಕಲ್ಲು ಇನ್ನೂ ಬಂದಿಲ್ಲ, ಅದು ಬರಲು ಇನ್ನೂ ಎಷ್ಟೋ ನೂರು ವರ್ಷ ಬೇಕು. ಇದು ಬರಿಯ ಚಪ್ಪಟೆ ಕಲ್ಲು, ಅದರ ಮೇಲೆ ಎರಡು ಕೈಯಿಂದ ಹಿಡಿದ ಗುಂಡು. ಮುಂದಕ್ಕೆ ತಳ್ಳು, ಹಿಂದಕ್ಕೆ ಎಳೆ. ಸೊಂಟ, ತೋಳು, ಮೊಣಕಾಲು, ಕಾಲಿನ ಹೆಬ್ಬೆರಳು ಎಲ್ಲವೂ ದುಡಿಯಬೇಕು. ಬಾರ್ಲಿಯ ಹೊಟ್ಟು ಗಾಳಿಯಲ್ಲಿ ತೇಲಿ ನಿಮ್ಮ ಮೂಗಿಗೆ ಬರುತ್ತದೆ. ಅವಳಿಗೆ ಏಳು ತಿಂಗಳು. ಹೊಟ್ಟೆ ಅಡ್ಡ ಬರುವುದರಿಂದ ಮೊಣಕಾಲು ಅಗಲಿಸಿ ಕೂತಿದ್ದಾಳೆ. ಅರೆದು ಮುಗಿಯದಿದ್ದರೆ ಯಾರಿಗೂ ಅಂಬಲಿಯಿಲ್ಲ. ಅರೆಯುವುದು ಮುಗಿದ ಮೇಲೆ ಹೊಳೆಯಿಂದ ನೀರು, ಆಮೇಲೆ ಸೌದೆ, ಸಗಣಿ. ಎಚ್ಚರಾದ ದೊಡ್ಡ ಮಗು ಅವಳ ಬೆನ್ನಿಗೆ ಜೋತುಬೀಳುತ್ತದೆ.

ಇಂಥ ದುಡಿಮೆ ಎಲುಬಿನಲ್ಲಿ ಉಳಿಯುತ್ತದೆ. 2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಆಲಿಸನ್ ಮ್ಯಾಕಿಂಟಾಷ್ ಮತ್ತು ಸಂಗಡಿಗರು ಮಧ್ಯ ಯುರೋಪಿನ ಮೊದಲ ಬೇಸಾಯಗಾರ ಹೆಂಗಸರ ತೋಳಿನ ಎಲುಬನ್ನು ಇಂದಿನ ದೋಣಿಪಂದ್ಯದ ಕ್ರೀಡಾಪಟುಗಳ ಎಲುಬಿನ ಜೊತೆ ಹೋಲಿಸಿ ನೋಡಿದರು. ಪ್ರಾಚೀನ ಹೆಂಗಸರ ತೋಳೇ ಹೆಚ್ಚು ಬಲವಾಗಿತ್ತು. ಕಾಳು ಅರೆದದ್ದೂ ಅದಕ್ಕೆ ಒಂದು ಕಾರಣ ಎಂದು ಅವರು ಬರೆದರು. ಹೊಟ್ಟೆಯಲ್ಲಿ ಮಗು ಬೆಳೆಸುವುದೂ ಊರಿನ ಹೊಟ್ಟೆ ತುಂಬಿಸುವುದೂ ಬೇರೆ ಬೇರೆ ಎರಡು ಕೆಲಸವಲ್ಲ. ಒಂದೇ ಮೈಯಿಂದ, ಒಂದೇ ದಿನದಲ್ಲಿ, ಒಂದೇ ಹಿಡಿ ಬಾರ್ಲಿಯ ಬಲದಿಂದ ಎರಡೂ ಆಗಬೇಕು.

ಎರಡು ತಿಂಗಳು ಕಳೆದಿದೆ. ರಾತ್ರಿ. ಬಾಗಿಲಲ್ಲಿ ನಿಂತವರು ಒಳಗೆ ಬರುವಂತಿಲ್ಲ, ನೀವೂ ಅಲ್ಲೇ ನಿಲ್ಲಿ. ಒಳಗೆ ಒಲೆಯ ಬೆಳಕು, ನೀರು ಕಾಯುವ ಸದ್ದು, ಒಬ್ಬ ಮುದುಕಿಯ ತಗ್ಗಿದ ದನಿ. ಅವಳು ಈ ಊರಿನ ಸೂಲಗಿತ್ತಿ ಎಂದು ನಾನು ಭಾವಿಸುತ್ತೇನೆ, ಯಾಕೆಂದರೆ ಮನುಷ್ಯರ ಹೆರಿಗೆಗೆ ಸಾಮಾನ್ಯವಾಗಿ ಇನ್ನೊಬ್ಬರ ಕೈ ಬೇಕಾಗುತ್ತದೆ. ನಮ್ಮ ಕಾಲದಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಕೂಸುಗಳನ್ನು ಲೋಕಕ್ಕೆ ತಂದ ಆ ಕೈಗಳಲ್ಲಿ ಇದ್ದದ್ದು ವಿದ್ಯೆ. ಆದರೆ ಮೂರು ಸಾವಿರ ವರ್ಷಗಳ ನಂತರ ಅಗೆದರೆ ಆ ವಿದ್ಯೆಯ ಚೂರೂ ಮಣ್ಣಿನಲ್ಲಿ ಸಿಗುವುದಿಲ್ಲ. ಕೊಡಲಿ ಮಾಡಿದವನ ಕೊಡಲಿ ಸಿಗುತ್ತದೆ, ಕುಂಬಾರನ ಮಡಕೆ ಸಿಗುತ್ತದೆ.

ಕೂಸು ಅತ್ತಿತು. ಕೆಲವು ದಿನ ಹಾಲು ಕುಡಿಯಿತು. ಆಮೇಲೆ ಕುಡಿಯುವುದನ್ನು ಬಿಟ್ಟಿತು.

ಹೂಳುವುದಕ್ಕೆ ಅವರು ದೂರ ಹೋಗುವುದಿಲ್ಲ. ಒಲೆಯ ಪಕ್ಕದ ನೆಲವನ್ನೇ ಕೆದಕುತ್ತಾರೆ. ದಿನ ಬೆಳಗಾದರೆ ಬಳಸುವಂಥ ಎರಡು ಗಡಿಗೆ ತರುತ್ತಾರೆ. ಕೂಸನ್ನು ಒಂದರೊಳಗೆ ಇಳಿಸಿ ಇನ್ನೊಂದರ ಬಾಯಿ ಕೂಡಿಸುತ್ತಾರೆ. ಪಕ್ಕದಲ್ಲಿ ಕೆಂಪು ಮೈಗೆ ಕಪ್ಪು ಗೆರೆ ಎಳೆದ ಬಟ್ಟಲು ಇಡುತ್ತಾರೆ. ಮಣ್ಣು ಮುಚ್ಚಿ, ಗಟ್ಟಿಸಿ, ನೆಲ ಸಮ ಮಾಡುತ್ತಾರೆ. ಗಡಿಗೆಯೆಂದರೆ ಗರ್ಭ, ಕೂಸು ಮತ್ತೆ ಹುಟ್ಟಿಬರಲಿ ಎಂಬ ಆಸೆಯೇ ಇದು ಎಂದು ಬರೆದವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ನನಗೆ ಕಾಣುವುದು ಇಷ್ಟು: ಊರ ಹೊರಗೆ ಬೇಕಾದಷ್ಟು ಜಾಗವಿತ್ತು, ಆದರೂ ಅವರು ಮಗುವನ್ನು ಮನೆಯೊಳಗೇ ಇಟ್ಟುಕೊಂಡರು.

ಬಾಣಂತಿ ಮರುದಿನವೂ ಇದೇ ನೆಲದ ಮೇಲೆ ಮಲಗಬೇಕು. ಎದೆಯಲ್ಲಿ ಹಾಲು ತುಂಬಿ ನೋಯುತ್ತಿದೆ. ಕೆಲವು ದಿನ ಬಿಟ್ಟು ಅದೇ ಒಲೆ ಹೊತ್ತಿಸುತ್ತಾಳೆ, ಅದೇ ಕಲ್ಲಿನ ಮುಂದೆ ಮೊಣಕಾಲೂರುತ್ತಾಳೆ. ವರ್ಷದೊಳಗೆ ಮತ್ತೆ ಬಸುರಿ. ಮುಂದಿನ ಹೆರಿಗೆಯೂ ಈ ಗಡಿಗೆಗಳ ಮೇಲೆಯೇ.

ಇನಾಮಗಾಂವದ ಒಂದು ಮನೆಯ ನೆಲದಡಿಯಲ್ಲಿ ಮುಚ್ಚಳವಿರುವ ಮಣ್ಣಿನ ಪೆಟ್ಟಿಗೆಯೂ ಸಿಕ್ಕಿತು. ಜೊತೆಗೆ ಹಸಿಮಣ್ಣಿನ ಹೆಣ್ಣುಗೊಂಬೆಗಳು, ಒಂದು ಎತ್ತು. ಒಂದು ಗೊಂಬೆಗೆ ತಲೆಯೇ ಇಲ್ಲ. ಸುಡದ ಮಣ್ಣು, ಅಂದರೆ ಅಂಗಡಿಯ ಸರಕಲ್ಲ, ಮನೆಯಲ್ಲೇ ಕೈಯಿಂದ ಮಾಡಿ, ಬೇಡಿಕೊಂಡು, ಹೂತಿಟ್ಟದ್ದು. ಪುಸ್ತಕಗಳು ಇದನ್ನು ಮಾತೃದೇವತೆ ಎನ್ನುತ್ತವೆ. ಆ ಒಂದು ಪದ ಕೇಳಿ ನಾವು ಕೈಮುಗಿದು ಮುಂದೆ ಹೋಗುತ್ತೇವೆ. ಗೊಂಬೆ ಮಾಡಿದವಳ ಬೆರಳು, ಅವಳ ಹೆದರಿಕೆ, ಹಿಂದಿನ ವರ್ಷ ಹೂತ ಗಡಿಗೆ ಇವೆಲ್ಲ ದೇವತೆಯ ಹಿಂದೆ ಮರೆಯಾಗುತ್ತವೆ.

ಇಷ್ಟು ಹೊತ್ತು ಕತ್ತಲಲ್ಲಿ ನಿಂತಿರಿ. ಈಗ ಪುಣೆಯ ಪ್ರಯೋಗಾಲಯದ ಬೆಳಕಿಗೆ ಬನ್ನಿ. ಮೇಜಿನ ಮೇಲೆ ಹಾಲುಹಲ್ಲು, ಅಕ್ಕಿಕಾಳಿನಷ್ಟು. ಹಾಲುಹಲ್ಲಿನ ಮೇಲ್ಪದರ ಮಗು ಹುಟ್ಟಿದ ಮೇಲೆ ಮೊದಲಾಗುವುದಲ್ಲ, ನಾಲ್ಕನೆಯ ತಿಂಗಳ ಬಸಿರಿನಲ್ಲೇ ಒಂದೊಂದೇ ಪದರವಾಗಿ ಕಟ್ಟತೊಡಗುತ್ತದೆ. ಹುಟ್ಟಿದ ಕ್ಷಣವೂ ಸೂಕ್ಷ್ಮದರ್ಶಕದಲ್ಲಿ ಗೆರೆಯಾಗಿ ಕಾಣುತ್ತದೆ. ತಾಯಿಗೆ ಊಟ ಕಡಿಮೆಯಾದರೆ, ಕೂಸಿಗೆ ಕಾಯಿಲೆಯಾದರೆ ಆ ಪದರ ತೆಳುವಾಗಿ ಕುಳಿ ಬೀಳುತ್ತದೆ. ಮುಂದೆ ಯಾವ ಊಟದಿಂದಲೂ ಆ ಕುಳಿ ತುಂಬುವುದಿಲ್ಲ. ಡೆಕ್ಕನ್ ಕಾಲೇಜಿನ ಎಸ್.ಆರ್. ವಾಳಿಂಬೆ ಮತ್ತು ಅಮೆರಿಕದ ಜಾನ್ ಲುಕಾಕ್ಸ್ ಇನಾಮಗಾಂವದ ಮಕ್ಕಳ ಕೋರೆಹಲ್ಲುಗಳಲ್ಲಿ ಈ ಕುಳಿಗಳನ್ನು ಹುಡುಕಿ, ಅವನ್ನು ಹವಾಮಾನ ಮತ್ತು ಆಹಾರದ ಬದಲಾವಣೆಗೆ ಜೋಡಿಸಿ ನೋಡಿದರು. ಹೆಸರಿಲ್ಲದ ಆ ಹೆಂಗಸು ಬಸಿರಿನಲ್ಲಿ ಎಷ್ಟು ಉಂಡಳು ಎಂಬುದಕ್ಕೆ ಉಳಿದಿರುವ ಸಾಕ್ಷಿ ಅವಳ ಮಗುವಿನ ಹಲ್ಲು.

ಕ್ರಿ.ಪೂ. 1000ದ ನಂತರ ಊರಿನ ಸ್ಥಿತಿ ಕೆಟ್ಟಿತು. ಆಯತಾಕಾರದ ದೊಡ್ಡ ಮನೆಗಳ ಜಾಗದಲ್ಲಿ ಸಣ್ಣ ದುಂಡು ಗುಡಿಸಲುಗಳು ಬಂದವು. ಬೇಸಾಯ ಇಳಿಯಿತು, ಬೇಟೆ ಹೆಚ್ಚಿತು. ಗ್ವೆನ್ ರಾಬಿನ್ಸ್ ಶುಗ್ 2011ರಲ್ಲಿ ಪ್ರಕಟಿಸಿದ ಪುಸ್ತಕ ಈ ಕೂಸುಗಳ ಎಲುಬುಗಳನ್ನೇ ಆಧರಿಸಿದ್ದು. ಎಲುಬಿನ ಬೆಳವಣಿಗೆ ಕುಂಠಿತವಾಗಿದ್ದನ್ನು ಅವರು ಅಳೆದು ತೋರಿಸಿದರು. ಸತ್ತ ಮಕ್ಕಳ ವಯಸ್ಸಿನ ಲೆಕ್ಕದಿಂದ ಆ ಕಷ್ಟದ ಕಾಲದಲ್ಲಿ ಹೆರಿಗೆಗಳ ಪ್ರಮಾಣವೂ ತೀರ ಹೆಚ್ಚಿತ್ತು ಎಂಬುದು ಅವರ ವಾದ. ಅಂದರೆ ಕಷ್ಟಕಾಲದಲ್ಲಿ ಹೆಂಗಸರ ಮೈಗೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಒಂದು ಲೆಕ್ಕ ಹಾಕಿ ನೋಡಿ. ಹುಟ್ಟಿದವರಲ್ಲಿ ಅರ್ಧದಷ್ಟು ಮಾತ್ರ ಉಳಿಯುತ್ತಾರೆ ಎಂದಿಟ್ಟುಕೊಂಡರೆ, ಇಬ್ಬರು ದೊಡ್ಡವರಾಗಲು ನಾಲ್ಕು ಹೆರಬೇಕು. ನಾಲ್ಕು ಬಸಿರು ಸೇರಿ 36 ತಿಂಗಳು. ಉಳಿದ ಇಬ್ಬರಿಗೆ ಎರಡೆರಡು ವರ್ಷ ಹಾಲು, ಅಂದರೆ ಇನ್ನೂ ನಾಲ್ಕು ವರ್ಷ. ಬರೀ ಇಬ್ಬರಿಗಾಗಿ ಒಬ್ಬಳ ಆಯುಷ್ಯದ ಏಳು ವರ್ಷ, ಅದೂ ಎಲ್ಲ ಹೆರಿಗೆಯಲ್ಲೂ ಅವಳು ಬದುಕಿ ಉಳಿದರೆ. ಊರು ಒಂಬೈನೂರು ವರ್ಷ ಬಾಳಿತು ಎಂದು ಇತಿಹಾಸದ ಪುಸ್ತಕ ಒಂದೇ ಸಾಲಿನಲ್ಲಿ ಹೇಳುತ್ತದೆ. ಬಾಳಿಸಿದವರು ಇವರು.

ಎದೆಹಾಲು ಸಾಲದಾಗ, ಬಿಡಿಸಬೇಕಾದಾಗ ಏನು ಮಾಡುತ್ತಿದ್ದರು? ಒಂದು ಸುಳಿವು ದೂರದಿಂದ ಬರುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಪ್ರಾಚೀನ ಕಾಲದ ಮಕ್ಕಳ ಗೋರಿಗಳಿಂದ ಸಣ್ಣ ಮೂತಿಯ ಮಣ್ಣಿನ ಪಾತ್ರೆಗಳು ಸಿಕ್ಕಿದ್ದವು. 2019ರಲ್ಲಿ ಜೂಲಿ ಡನ್ ಮತ್ತು ಸಂಗಡಿಗರು ಅವುಗಳ ಒಳಮೈ ಪರೀಕ್ಷಿಸಿ ಹಸು, ಕುರಿಯಂಥ ಪ್ರಾಣಿಗಳ ಹಾಲಿನ ಕೊಬ್ಬು ಇರುವುದನ್ನು ಕಂಡರು. ನಮ್ಮ ಮನೆಗಳಲ್ಲಿ ಬೆಳ್ಳಿಯ ಒಳಲೆಯಿಂದ ಕೂಸಿಗೆ ಹಾಲು ಹಾಕುತ್ತಿದ್ದುದು ನಿಮಗೆ ನೆನಪಾದೀತು.

ಇದು ಘೋಡ್ ದಂಡೆಯವರ ಕಥೆ, ಕನ್ನಡಿಗರಾದ ನಮ್ಮದಲ್ಲ ಎಂದುಕೊಳ್ಳಬೇಡಿ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ ಕಲ್ಲುಗುಡ್ಡದ ನಡುವಿನ ವಸತಿಗಳಲ್ಲಿ ಕೂಸುಗಳು ಮಡಕೆಯಲ್ಲೇ ಸಿಕ್ಕವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗಲೂ, ರಾಯಚೂರು ಜಿಲ್ಲೆಯ ವಟಗಲ್ಲಿನಲ್ಲೂ ಹೀಗೆಯೇ. ಡೊಂಬಿವಲಿಯಲ್ಲಿ, ಠಾಣೆಯಲ್ಲಿ ನೆಲೆಸಿ ಬಿಸಿಲುಸೀಮೆಯ ತವರಿಗೆ ಹೆರಿಗೆಗೆ ಹೋಗಿಬಂದ ಹೆಂಗಸರು ಈ ಊರುಗಳ ಪಕ್ಕದಲ್ಲೇ ಹಾದುಹೋಗಿದ್ದಾರೆ.

ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಎಂಬ ದೇವಿ ಇದ್ದಾಳೆ. ಹತ್ತಿರ ಹೋಗಿ. ತಲೆಯ ಜಾಗದಲ್ಲಿ ಅರಳಿದ ತಾವರೆ. ಮೊಣಕಾಲು ಮಡಚಿ ಅಗಲಿಸಿದ್ದಾಳೆ. ಪಾದದ ಬೆರಳುಗಳನ್ನು ನೋಡಿ, ಬಿಗಿಯಾಗಿ ಮೇಲಕ್ಕೆ ಎದ್ದಿವೆ. ಇನಾಮಗಾಂವ ಅಗೆದ ಸಾಂಕಲಿಯಾ ಅವರೇ 1960ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲಿ 'ನಾಚಿಕೆಯಿಲ್ಲದ ಹೆಂಗಸು' ಎಂಬ ಮಾತಿದೆ. ರಾ.ಚಿಂ. ಢೇರೆ 1978ರಲ್ಲಿ ಈ ದೇವಿಯ ಮೇಲೆ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಈ ಭಂಗಿ ಹೆರಿಗೆಯದೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಅದು ಮುಗಿದಿದೆ. ಹೆರಿಗೆಯ ಕೋಣೆಯಲ್ಲಿ ನಿಂತವರಿಗೆ ಆ ಬೆರಳುಗಳ ಬಿಗಿ ಗೊತ್ತು. ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಮಕ್ಕಳಾಗಲೆಂದು ಇಂದಿಗೂ ಇವಳಿಗೆ ಹರಕೆ ಹೊರುವ ಹೆಂಗಸರಿಗೆ ಯಾವ ವಿದ್ವಾಂಸರ ತೀರ್ಪೂ ಬೇಕಿಲ್ಲ.

ಮತ್ತೆ ಘಾಟಿಯಿಳಿದು ಕಲ್ಯಾಣದ ಕಡೆಗೆ. ಭಿವಂಡಿ ತಾಲ್ಲೂಕಿನ ಲೋನಾಡ್ ಪಕ್ಕದ ಚೌಧರಪಾಡಾದಲ್ಲಿ ಒಂದು ಕಲ್ಲಿದೆ. ಉತ್ತರ ಕೊಂಕಣದ ಶಿಲಾಹಾರ ಅರಸ ಕೇಶಿದೇವನದು, ಶಕ 1161. ಮೇಲೆ ಸೂರ್ಯಚಂದ್ರ, ನಡುವೆ ದಾನದ ಬರಹ, ಕೆಳಗೆ ಒಂದು ಚಿತ್ರ. ಕತ್ತೆ, ಅದರ ಕೆಳಗೆ ಒಬ್ಬ ಹೆಂಗಸು. ಊರವರು ಇಂಥ ಕಲ್ಲನ್ನು 'ಗದ್ಧೇಗಳ' ಎನ್ನುತ್ತಾರೆ. ದಾನ ಮುರಿದವನ ತಾಯಿಗೆ ಹೀಗಾಗಲಿ ಎಂಬುದು ಶಾಪ. ಕನ್ನಡ ಶಾಸನ ಓದಿದವರಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪದ ಮಾತು ಗೊತ್ತು. ಅಲ್ಲಿ ಪಾಪ ದಾನ ಮುರಿದವನ ತಲೆಗೇ ಬರುತ್ತದೆ. ಇಲ್ಲಿ ಹೊಲದ ಎಲ್ಲೆಗೆ ಕಾವಲು ನಿಂತದ್ದು ತಾಯಿಯ ಮೈ. ವಂಶ ಅವಳ ಗರ್ಭದಿಂದ ಬರುತ್ತದೆ ಎಂದು ಬಲ್ಲವರೇ ಬೆದರಿಸಲು ಅದೇ ಗರ್ಭವನ್ನು ಆರಿಸಿಕೊಂಡರು. ಬಿಸಿಲಲ್ಲಿ ಆ ಕಲ್ಲಿನ ಮುಂದೆ ನಿಂತರೆ ಮೈ ಉರಿಯುತ್ತದೆ, ಉರಿಯಬೇಕು ಕೂಡ. ನಾಣೇಘಾಟಿನಲ್ಲಿ ಅರಸರ ತಾಯಿಯ ಹೆಸರು ಕೆತ್ತಿದ ನಾಡಿನಲ್ಲೇ, ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ, ಹೆಸರಿಲ್ಲದ ತಾಯಂದಿರನ್ನು ಹೀಗೆ ಕೆತ್ತಿದರು.

ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಯಲ್ಲಿರುವವರೇ, ಮಳೆಗಾಲದ ಚಾರಣಕ್ಕೆ ನಾಣೇಘಾಟಿಗೆ ಹೋಗುತ್ತೀರಿ. ಮುಂದಿನ ಸಲ ಗುಹೆಯ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು ನಾಗನಿಕೆಯ ಹೆಸರನ್ನು ಮಕ್ಕಳಿಗೆ ತೋರಿಸಿ. ಚೌಧರಪಾಡಾದ ಕಲ್ಲನ್ನು ಮರೆಮಾಚದೆ, ದೊಡ್ಡ ಮಕ್ಕಳಿಗೆ ಅದರ ಅರ್ಥ ಹೇಳಿ. ಇನಾಮಗಾಂವದಲ್ಲಿ ಸಿಕ್ಕ ವಸ್ತುಗಳು ಪುಣೆಯ ಡೆಕ್ಕನ್ ಕಾಲೇಜಿನ ಬಳಿ ಇವೆ, ಕಲ್ಯಾಣದಿಂದ ಅಲ್ಲಿಗೆ ರೈಲಿನಲ್ಲಿ ಕೆಲವೇ ಗಂಟೆ. ಎಲ್ಲಾದರೂ ಬಾಯಿಗೆ ಬಾಯಿ ಕೂಡಿಸಿದ ಎರಡು ಗಡಿಗೆ ಕಂಡರೆ, ಒಳಗಿದ್ದ ಕೂಸಿನ ಬಗ್ಗೆ ಹೇಳುವ ಮೊದಲು ಅದನ್ನು ಹೊತ್ತು, ಹೆತ್ತು, ಹೂತು, ಕೆಲವೇ ದಿನದಲ್ಲಿ ಮತ್ತೆ ಊರಿಗೆ ಬಾರ್ಲಿ ಅರೆದವಳ ಬಗ್ಗೆ ಹೇಳಿ.